ಗೆರೆ ಹುಡುಕುವ ಕಣ್ಣು

ರಂಗಂಪೇಟೆಯ ನಮ್ಮ ಪಾಲಿಶ್ ಅಂಗಡಿಗಿಂತ ನನ್ನ ಮಾವನವರ ಕಣ್ಣಿಗೇ ಹೆಸರು ಜಾಸ್ತಿ. ಹೊಸ್ತಿಲಲ್ಲಿ ನಿಂತೇ ಹಿತ್ತಾಳೆಯ ಮೇಲಿನ ಕೂದಲೆಳೆಯಂಥ ಗೆರೆಯನ್ನು ಹಿಡಿಯುತ್ತಾರೆಂದು ಸುರಪುರದಿಂದ ಶಹಾಪುರದವರೆಗೂ ಹೇಳುತ್ತಿದ್ದರು. ನನ್ನ ಗಂಡನಿಗೆ ಆಟೊ ಓಡಿಸುವುದೇ ಪ್ರಾಣ. ಹೊಳಪು ಕೊಡುವ ಬಟ್ಟೆಯ ಬಫ್ ಚಕ್ರದಿಂದ ಏಳುವ ಕರಿ ಧೂಳು ಅವರಿಗೆ ಆಗಿಬರುತ್ತಿರಲಿಲ್ಲ. ಹಾಗಾಗಿ ಮಾವ ಆ ಕೆಲಸವನ್ನು ನನಗೆ ಕಲಿಸಿದರು.

ಪಾಠ ಸುಲಭದ್ದೇ. ಒರಟು ಉಸುಕು ಕಾಗದ ಒಂದು ದಿಕ್ಕಿಗೆ ತಿಕ್ಕಿದರೆ, ಮುಂದಿನ ನುಣುಪು ಕಾಗದ ಅದಕ್ಕೆ ಅಡ್ಡ ತಿಕ್ಕಬೇಕು. ಹಿಂದಿನ ಗೆರೆ ಒಂದೂ ಉಳಿಯದ ಮೇಲೆ ಮುಂದಿನ ನಂಬರಿನ ಕಾಗದ. ಕೊನೆಗೆ ಬಫ್. ನಡುವೆ ಒಂದು ನಂಬರನ್ನೂ ಬಿಡುವಂತಿಲ್ಲ. ನನಗೋ ತಾಳ್ಮೆ ಎಂಬುದು ತವರಿನಿಂದ ಬಂದಿರಲಿಲ್ಲ.

ಒಮ್ಮೆ ಗೋಗಿಯ ಮಾಸ್ತರರೊಬ್ಬರು ತಮ್ಮ ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ ಮುಚ್ಚಳ ತಂದರು. ಚಕ್ರದ ಮುಂದೆ ಕೂತಿದ್ದ ನನ್ನನ್ನು ನೋಡಿ, “ನೀವೇ ಮಾಡ್ರಿ ಕಾಕಾ, ಹೆಣ್ಮಕ್ಕಳ ಕೈಯಾಗ ಕೊಡಬ್ಯಾಡ್ರಿ,” ಎಂದರು. ಮಾವ ಹ್ಞೂಂ ಎಂದರು. ಮಾಸ್ತರರು ಬೆನ್ನು ತಿರುಗಿಸಿದ್ದೇ ತಡ, ಮಾವ ಮುಚ್ಚಳವನ್ನು ನನ್ನ ಮಡಿಲಿಗೆ ಹಾಕಿದರು. ನನಗೆ ಮಾಸ್ತರರ ಮಾತಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾವ ಸಾಮಾನು ತರಲು ಯಾದಗಿರಿಗೆ ಹೋದ ದಿನ, ಬೇಗ ಮುಗಿಸಿ ತೋರಿಸಿಯೇಬಿಡೋಣವೆಂದು ಎರಡು ನಂಬರು ಹಾರಿಸಿ ಸೀದಾ ಬಫ್‌ಗೆ ಹಿಡಿದೆ. ಟ್ಯೂಬ್‌ಲೈಟಿನಲ್ಲಿ ಫಳಫಳ ಹೊಳೆಯಿತು. ಮಾವ ವಾಪಸಾಗುವ ಮೊದಲೇ ಮಾಸ್ತರರು ಬಂದು ಖುಷಿಯಿಂದ ಒಯ್ದರು.

ಮರುದಿನ ಅದನ್ನು ತಂದು ಕಟ್ಟೆಯ ಮೇಲೆ ಕುಕ್ಕಿದರು. ಬಿಸಿಲಿಗೆ ಹಿಡಿದರೆ ಹೊಳಪಿನೊಳಗೆ ಸಣ್ಣ ಗೆರೆಗಳು ಸಾಲುಗಟ್ಟಿ ನಿಂತಿದ್ದವು.

“ಇದು ಯಾರ ಕೈಕೆಲಸ್ರಿ?”

ಈ ಮಾತು ಬಜಾರು ಸುತ್ತಿದರೆ ನನ್ನ ಕೈಗೆ ಯಾರೂ ಒಂದು ಚಮಚವನ್ನೂ ಕೊಡುವುದಿಲ್ಲ.

“ನಂದೇ ರಿ,” ಎಂದರು ಮಾವ. “ಕಣ್ಣು ಮಂಜಾಗ್ಯಾವ. ಇನ್ನ ಮ್ಯಾಲ ಸೊಸಿನೇ ನೋಡ್ತಾಳ, ಆಕಿ ಕಣ್ಣು ಚಲೋ ಅದಾವ.”

ಮಾಸ್ತರರು ಪೆಚ್ಚಾಗಿ ಮುಚ್ಚಳವನ್ನು ನನ್ನ ಕೈಗಿತ್ತರು. “ಹಂಗಾರ ನೀನೇ ನೋಡವ್ವಾ.”

ಅವರು ಹೋದ ಮೇಲೆ ನಾನು ಮಾವನ ಮೇಲೆಯೇ ಹರಿಹಾಯ್ದೆ. “ಸುಳ್ಳು ಯಾಕ ಹೇಳಿದ್ರಿ?”

“ಒದರಬ್ಯಾಡ. ಮೊದಲ್ನೇ ಕಾಗದ ತಗೋ,” ಎಂದರು ಅಷ್ಟೇ.

ಎರಡು ದಿನ ತಿಕ್ಕಿದೆ. ಒಂದು ನಂಬರನ್ನೂ ಬಿಡಲಿಲ್ಲ.

ಆದರೆ ಆ ಸುಳ್ಳನ್ನು ಮುದುಕ ಮಾವ ಅಲ್ಲಿಗೇ ಬಿಡಲಿಲ್ಲ, ವರ್ಷಗಟ್ಟಲೆ ನಡೆಸಿಕೊಂಡು ಬಂದರು. ಗಿರಾಕಿ ಬಂದರೆ ಸಾಕು, ಕಣ್ಣು ಕಿರಿದು ಮಾಡಿಕೊಂಡು ಸ್ಟೂಲು ತಡವುವರು. ಜನ ಅಯ್ಯೋ ಪಾಪ ಅನ್ನತೊಡಗಿದರು. ಅವರ ಕಣ್ಣಿನ ಹೆಸರು ಹೋಯಿತು, ನನ್ನ ಕಣ್ಣಿಗೆ ಹೆಸರು ಬಂತು. ಆ ನಾಟಕ ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನನ್ನ ತಂದೆಯ ಮೇಲೂ ನನಗೆ ಅಷ್ಟು ಪ್ರೀತಿ ಹುಟ್ಟಿದ್ದಿಲ್ಲ.

ಈಗಲೂ ಗಿರಾಕಿಗಳೆದುರು ಸಾಮಾನನ್ನು ನನ್ನತ್ತ ಚಾಚಿ, “ಎಲ್ಲಿಯಾದ್ರೂ ಗೆರಿ ಉಳದಾವೇನವ್ವಾ?” ಎಂದು ಕೇಳುತ್ತಾರೆ. ಬಿಸಿಲಿಗೆ ಹೊರಳಿಸುವ ಮೊದಲು ನಾನು ಅವರ ಹೆಬ್ಬೆರಳು ಎಲ್ಲಿದೆಯೆಂದು ನೋಡುತ್ತೇನೆ. ಉಗುರು ಸರಿಯಾಗಿ ಉಳಿದ ಗೆರೆಯ ಮೇಲೇ ಇರುತ್ತದೆ.