ಐಸಿನಲ್ಲಿ ಬಂದ ದೊಡ್ಡಮ್ಮನ ರಕ್ತ

ಮೇ ಏಳು, ಬುಧವಾರ, ಬೆಳಿಗ್ಗೆ ಹನ್ನೊಂದು ಕಾಲು. ಮಂಗಳೂರಿನ ಕೊಡಿಯಾಲ್‌ಬೈಲಿನ ನಮ್ಮ ಲ್ಯಾಬಿನ ಬಾಗಿಲಲ್ಲಿ ಮಾವ ನಿಂತಿದ್ದರು. ಕೈಯಲ್ಲಿ ಮೀನಿನ ಥರ್ಮೋಕೋಲ್ ಪೆಟ್ಟಿಗೆ. ಅದರ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಾವ ಎಂದರೆ ಅಮ್ಮನ ತಮ್ಮ. ಬಂದರಿನ ಧಕ್ಕೆಯಲ್ಲಿ ಮೀನು ಕೊಂಡು ಪಡೀಲಿನಲ್ಲಿ ಮಾರುವವರು. ಆದರೆ ಅಂದು ಪೆಟ್ಟಿಗೆಯಲ್ಲಿದ್ದದ್ದು ಅಮ್ಮನ ಅಕ್ಕನ, ಅಂದರೆ ನನ್ನ ದೊಡ್ಡಮ್ಮನ, ರಕ್ತ.

ದೊಡ್ಡಮ್ಮನಿಗೆ ಹಿಂದೊಮ್ಮೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಈಗ ಅದು ಮರಳಿ ಬಂದಿದೆ. ಸೋಮವಾರದಿಂದ ಹೊಸ ಔಷಧಿ ಶುರುವಾಗಲಿತ್ತು. ನಮ್ಮ ಲ್ಯಾಬಿನ ಕೆಲಸ, ಗಡ್ಡೆಯಿಂದ ಕಳಚಿಕೊಂಡು ರಕ್ತದಲ್ಲಿ ಸುತ್ತುವ ಕ್ಯಾನ್ಸರ್ ಕೋಶಗಳನ್ನು ಹುಡುಕುವುದು. ಒಂದು ಟ್ಯೂಬಿನಲ್ಲಿರುವ ಕೋಟಿಗಟ್ಟಲೆ ಸಾಮಾನ್ಯ ಕೋಶಗಳ ನಡುವೆ ಅಂಥವು ಬೆರಳೆಣಿಕೆಯಷ್ಟು ಇರಬಹುದು, ಇಲ್ಲದೆಯೂ ಇರಬಹುದು. ಕೋಶದ ಮೈಮೇಲಿನ ಗುರುತು ನೋಡಿ ಹಿಡಿಯುವ ಹಳೆಯ ವಿಧಾನದಲ್ಲಿ, ಗುರುತು ಕಳೆದುಕೊಂಡ ಕೋಶಗಳು ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ನಾವು ಸೂಕ್ಷ್ಮ ರಂಧ್ರಗಳ ಫಿಲ್ಟರಿನಲ್ಲಿ ರಕ್ತ ಸೋಸಿ, ಸಾಮಾನ್ಯವಾಗಿ ಉಳಿದವಕ್ಕಿಂತ ದೊಡ್ಡದಾಗಿರುವ ಈ ಕೋಶಗಳನ್ನು ಗಾತ್ರದಿಂದಲೂ ಹಿಡಿಯಲು ನೋಡುತ್ತಿದ್ದೇವೆ. ಔಷಧಿಗೆ ಮೊದಲು ಒಂದು ಟ್ಯೂಬ್, ನಂತರ ಒಂದು. ಮೊದಲಿನದು ಸಿಗದಿದ್ದರೆ ಆ ರೋಗಿಯನ್ನು ಅಧ್ಯಯನದಿಂದ ಕೈಬಿಡಬೇಕು.

ಇದನ್ನು ವಿವರಿಸಿದಾಗ ದೊಡ್ಡಮ್ಮ ಕೇಳಿದ್ದು ಒಂದೇ: "ನಿನ್ನ ಬಲೆಯ ಕಣ್ಣು ಎಷ್ಟು ದೊಡ್ಡದುಂಟು?"

"ಬರಿಗಣ್ಣಿಗೆ ಕಾಣುದಿಲ್ಲ ದೊಡ್ಡಮ್ಮ."

"ಹಾಗಾದ್ರೆ ಹರಿದ್ರೆ ನೀನು ಹೊಲಿಯುದು ಹೇಗೆ?"

ಒಪ್ಪಿಗೆ ಕೊಟ್ಟ ದಿನದಿಂದಲೇ ಅಕ್ಕಪಕ್ಕದ ಮನೆಗಳಲ್ಲಿ ಅವರ ಪ್ರಚಾರ ಶುರುವಾಯಿತು. "ನನ್ನ ರಕ್ತ ಕೊಡಿಯಾಲ್‌ಬೈಲಿಗೆ ಓದ್ಲಿಕ್ಕೆ ಹೋಗ್ತದೆ. ನಾನು ಐದನೇ ಕ್ಲಾಸಿಗೆ ನಿಲ್ಲಿಸಿದ್ದು, ಅದು ಸೀದಾ ಕಾಲೇಜಿಗೆ!"

ರಕ್ತ ತೆಗೆಯುವುದು ಮಾತ್ರ ಸುಲಭವಿರಲಿಲ್ಲ. ಆಪರೇಷನ್ ಆದ ಬದಿಯ ಕೈಗೆ ಸೂಜಿ ಚುಚ್ಚುವಂತಿಲ್ಲ. ಇನ್ನೊಂದು ಕೈಯ ನರಗಳು ಹಳೆಯ ಔಷಧಿಗಳ ಹೊಡೆತಕ್ಕೆ ಒಳಗೆ ಅಡಗಿವೆ. ಆ ಬುಧವಾರ ಪಡೀಲಿನ ಕ್ಲಿನಿಕ್ಕಿನ ನರ್ಸ್‌ಗೆ ನರ ಸಿಕ್ಕಿದ್ದು ಮೂರನೆಯ ಚುಚ್ಚಿಗೆ. ಟ್ಯೂಬ್ ಒಯ್ಯುವ ನಮ್ಮ ಹುಡುಗ ರಜೆಯಲ್ಲಿದ್ದ. ಮಾವ ತಾನೇ ತಲುಪಿಸುತ್ತೇನೆಂದರು. "ಜಾಗ್ರತೆ, ಕೆಡಬಾರದು" ಎಂದು ನರ್ಸ್ ಹೇಳಿ ಕಳಿಸಿದರಂತೆ. ಮೀನು ಮಾರುವವರಿಗೆ ಈ ಮಾತಿನ ಅರ್ಥ ಒಂದೇ.

"ಎಷ್ಟು ಐಸ್ ಹಾಕಿದ್ದೀರಿ ಮಾವ?"

"ಹೆದರ್ಬೇಡ ಮಗಾ, ಕಂಜೂಸು ಮಾಡ್ಲಿಲ್ಲ. ಅಡಿಗೆ ಒಂದು ಪದರ, ಮೇಲೆ ಒಂದು ಪದರ. ತಣ್ಪು ಜಾಸ್ತಿ ಹಿಡೀಲಿಕ್ಕೆ ಸ್ವಲ್ಪ ಉಪ್ಪು. ಅಂಜಲ್ ಮೀನಿಗೂ ನಾನು ಇಷ್ಟು ಹಾಕುದಿಲ್ಲ."

ನಮ್ಮ ಟ್ಯೂಬಿನೊಳಗಿನ ದ್ರವ ರಕ್ತವನ್ನು ಕಾಪಾಡುವುದು ಕೊಠಡಿಯ ಉಷ್ಣತೆಯಲ್ಲಿ. ಅದಕ್ಕೆ ಐಸ್ ಆಗದು. ರಕ್ತ ಅಲ್ಲಲ್ಲಿ ಹೆಪ್ಪುಗಟ್ಟಿ, ಕೋಶಗಳು ಒಡೆದಿದ್ದವು. ಸೋಸಿ ನೋಡಿದೆ, ಫಿಲ್ಟರ್ ಅರ್ಧದಲ್ಲೇ ಕಟ್ಟಿಕೊಂಡಿತು. ನನ್ನ ಡೈರಿಯಲ್ಲಿ ಟ್ಯೂಬುಗಳ ಲೆಕ್ಕಕ್ಕೆ ಬಂದದ್ದು, ದಾಟಿದ್ದು, ಹಾಳಾದದ್ದು ಎಂದು ಮೂರು ಸಾಲುಗಳಿವೆ. ಮೂರನೆಯದರಲ್ಲಿ ಒಂದು ಗೆರೆ ಸೇರಿಸಿದೆ.

"ವಾಸನೆ ಬಂತಾ?" ಮಾವ ಕೇಳಿದರು.

"ಇಲ್ಲ."

"ಮತ್ತೆ? ಫ್ರೆಶ್ ಉಂಟಲ್ಲ ಮಾರಾಯ್ತಿ!"

ಸಂಜೆ ಇಬ್ಬರೂ ಹಂಪನಕಟ್ಟೆಯಲ್ಲಿ ಬಸ್ ಹತ್ತಿ ಪಡೀಲಿಗೆ ಹೋದೆವು. ಐಸಿನಿಂದ ರಕ್ತ ಕೆಟ್ಟದ್ದು ಹೇಗೆಂದು ದಾರಿಯಲ್ಲಿ ಮಾವನಿಗೆ ವಿವರಿಸಿದೆ. ದೊಡ್ಡಮ್ಮ ಗಂಜಿ ಉಣ್ಣುತ್ತಿದ್ದರು. ವಿಷಯ ಕೇಳಿ, ತಮ್ಮನ ಕಡೆ ತಿರುಗಿದರು.

"ಎಂತ ಮಾರಾಯ, ಈಗ್ಲೇ ನನ್ನನ್ನು ಐಸಲ್ಲಿ ಇಟ್ಟದ್ದಾ? ಅದಕ್ಕಿನ್ನೂ ಟೈಮ್ ಉಂಟು!"

ಮಾವನ ಮುಖ ಸಣ್ಣದಾಯಿತು. ದೊಡ್ಡಮ್ಮ ಮಾತ್ರ ಗಂಜಿ ನೆತ್ತಿಗೇರುವಷ್ಟು ನಕ್ಕರು. ನಗು ಮುಗಿದ ಮೇಲೆ ಕೈಯ ನೀಲಿ ಕಲೆಯನ್ನು ಮೆಲ್ಲನೆ ಸವರಿಕೊಂಡರು. ನಾನು, "ಇನ್ನೊಮ್ಮೆ ರಕ್ತ ಕೊಡುದು ಬೇಡ ಅಂತಾದ್ರೆ ಬಿಡಿ ದೊಡ್ಡಮ್ಮ. ನಿಮ್ಮ ಔಷಧಿಗೂ ಇದಕ್ಕೂ ಸಂಬಂಧ ಇಲ್ಲ" ಎಂದೆ. ಅದು ನಿಜವೇ. ಅವರು ಮತ್ತೊಮ್ಮೆ ಕೈಯೊಡ್ಡಲಿ ಎಂದು ನನಗೆ ಆಸೆಯಿದ್ದದ್ದೂ ನಿಜ.

"ಬಿಟ್ರೆ ಮತ್ತೆ ಓದು ಅರ್ಧಕ್ಕೆ ನಿಲ್ಲಿಸಿದ ಹಾಗೆ ಆಗ್ತದೆ" ಎಂದರು. "ಕೊಡ್ತೇನೆ. ಆದ್ರೆ ಇವನೇ ತರ್ಬೇಕು. ಇಲ್ಲದಿದ್ರೆ ಇವನು ಜೀವಮಾನ ಇಡೀ ಹೀಗೇ ಮುಖ ಊದಿಸಿಕೊಂಡು ಕೂರ್ತಾನೆ."

ಲ್ಯಾಬಿನ ಮುಖ್ಯಸ್ಥೆ, ನಮ್ಮ ಮೇಡಂ, ಇನ್ನೊಂದು ಟ್ಯೂಬಿಗೆ ಒಪ್ಪಿದರು. ಮೇ ಹತ್ತು, ಶನಿವಾರ. ಈ ಸಲ ನರ ಎರಡನೆಯ ಚುಚ್ಚಿಗೇ ಸಿಕ್ಕಿತು. ಮಾವ ಅದೇ ಪೆಟ್ಟಿಗೆಯನ್ನು ಸೋಪು ಹಾಕಿ ತೊಳೆದು, ಟ್ಯೂಬನ್ನು ದೊಡ್ಡಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಂದರು. "ಬಸ್ಸಲ್ಲಿ ಬಿಸಿಲಿನ ಬದಿ ಕೂತಿಲ್ಲ" ಎಂಬ ವರದಿಯನ್ನೂ ಒಪ್ಪಿಸಿದರು. ರಕ್ತ ಎಲ್ಲೂ ನಿಲ್ಲದೆ ಫಿಲ್ಟರ್ ದಾಟಿತು. ಡೈರಿಯ ಎರಡನೆಯ ಸಾಲಿನಲ್ಲಿ ಗೆರೆ ಸೇರಿಸುವಷ್ಟರಲ್ಲಿ ದೊಡ್ಡಮ್ಮನ ಫೋನು.

"ಪಾಸಾ?"

"ಪಾಸ್, ದೊಡ್ಡಮ್ಮ."

ಫಿಲ್ಟರಿನಲ್ಲಿ ಏನು ಉಳಿಯಿತೆಂದು ಹೇಳಲು ನನಗೆ ಅನುಮತಿಯಿಲ್ಲ. ಅವರೂ ಕೇಳಲಿಲ್ಲ.

ಔಷಧಿಯ ನಂತರದ ಟ್ಯೂಬ್ ಇನ್ನೂ ಬರಬೇಕಿದೆ, ತರುವವರು ಮಾವನೇ. ಮೂವತ್ತು ಡಿಗ್ರಿ ಮೀರಬಾರದೆಂದು ಟ್ಯೂಬಿನ ಚೀಟಿ ಹೇಳುತ್ತದೆ. ಅದನ್ನು ಬರೆದವರು ಮಂಗಳೂರಿನ ಮೇ ತಿಂಗಳ ಕೊಠಡಿಯಲ್ಲಿ ಕೂತಿರಲಿಲ್ಲ. ಐಸ್ ತಾಗದೆ, ಬಿಸಿಯೂ ಏರದೆ ಸಿಟಿ ಬಸ್ಸಿನಲ್ಲಿ ರಕ್ತ ತರುವ ಸುಲಭ ಉಪಾಯ ತಿಳಿದವರಿದ್ದರೆ ದಯವಿಟ್ಟು ನನಗೆ ಬರೆಯಿರಿ. "ಸ್ವಲ್ಪವೇ ಸ್ವಲ್ಪ ಐಸ್ ಇಡಬಹುದು" ಎಂದು ಮಾತ್ರ ಬರೆಯಬೇಡಿ. ಮಾವ ಅದಕ್ಕೇ ಕಾಯುತ್ತಿದ್ದಾರೆ.