ಹೆಜ್ಜೇನಿನ ಮರಕ್ಕೆ ಬಿಟ್ಟುಕೊಟ್ಟ ಜಾಗ

ಯೋಗಶಾಲೆಯ ನಕ್ಷೆ ಮಾಡಿಕೊಡಿ ಎಂದು ಮೇಷ್ಟ್ರು ಕೇಳಿದಾಗ ನನಗೆ ನೆಟ್ಟಗೆ ಪದ್ಮಾಸನ ಹಾಕಲೂ ಬರುತ್ತಿರಲಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟೆ. ಅವರು ಹುಣಸೂರಿನ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹಣೆ ತುಂಬ ವಿಭೂತಿ, ಇಡೀ ಮೈದಾನಕ್ಕೆ ಕೇಳುವಂಥ ದನಿ. "ಆಸನ ನಾನು ಹಾಕಿಸ್ತೀನಿ ಕಣಮ್ಮ, ನೀವು ಸೂರು ಹಾಕ್ಸಿ ಸಾಕು" ಎಂದು ನಕ್ಕರು.

ಹನಗೋಡು ದಾಟಿ ಕಾಡಿನಂಚಿಗೆ ಹೋಗುವ ದಾರಿಯಲ್ಲಿ ಅವರ ಜಮೀನಿತ್ತು. ನಾನು ಮೊದಲ ಸಲ ಹೋದದ್ದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ. ಲಂಟಾನದ ಪೊದೆಗಳ ನಡುವೆ ಒಂದು ಭಾರಿ ಬೂರುಗದ ಮರ ಕೊಂಬೆಗಳನ್ನು ಅಡ್ಡಡ್ಡ ಚಾಚಿಕೊಂಡು ನಿಂತಿತ್ತು. ನೋಡಿದ ಕೂಡಲೇ ನನ್ನ ತಲೆಯಲ್ಲಿ ಕಟ್ಟಡ ಎದ್ದುಬಿಟ್ಟಿತು. ಮರದ ಬುಡದಲ್ಲೇ ದುಂಡನೆಯ ಶಾಲೆ, ಮೇಲೆ ಗಾಜಿನ ಗೋಪುರ, ಗಾಜಿನಾಚೆ ಕೊಂಬೆಗಳು. ಎರಡು ತಿಂಗಳು ಕೂತು ಬರೆದೆ. ಅಷ್ಟು ಚೆಂದದ ನಕ್ಷೆಯನ್ನು ನಾನು ಅದುವರೆಗೆ ಬರೆದಿರಲಿಲ್ಲ. ಮೇಷ್ಟ್ರಿಗೂ ಹಿಡಿಸಿತು. ಪ್ರಕೃತಿಯ ಮಡಿಲಲ್ಲಿ ಯೋಗ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು.

ಕಾರ್ತಿಕ ಮಾಸದಲ್ಲಿ ಗುದ್ದಲಿ ಪೂಜೆ. ಮರದ ಕೆಳಗೆ ಸುಣ್ಣದ ಗೆರೆ ಎಳೆಸಿ, ಹೊಸ ಸೀರೆ ಉಟ್ಟು, ನಾನು ಜಂಬದಿಂದಲೇ ನಿಂತಿದ್ದೆ. ಪುರೋಹಿತರು ತೆಂಗಿನಕಾಯಿ ತೊಳೆಯುತ್ತಿದ್ದರು. ಪೊದೆ ಕಡಿಯುವ ಕೆಲಸಕ್ಕೆ ಪಕ್ಕದ ಹಾಡಿಯಿಂದ ಬರುತ್ತಿದ್ದ ಜೇನುಕುರುಬರ ಹೆಂಗಸೊಬ್ಬರು ಕುಡುಗೋಲು ಹಿಡಿದು ದೂರದಲ್ಲಿ ನಿಂತು ನಗುತ್ತಿದ್ದರು. ಐವತ್ತು ದಾಟಿದ ವಯಸ್ಸು, ಮಾತು ಕಮ್ಮಿ. ಅವರು ನಗುವುದನ್ನು ನಾನು ಅಂದೇ ಮೊದಲು ನೋಡಿದ್ದು.

"ಯಾಕಕ್ಕಾ ನಗ್ತಿದ್ದೀರಿ?" ಎಂದು ಕೇಳಿದೆ.

"ಜೇನು ಬಂದ್ರೆ ಅದ್ಕೂ ಯೋಗ ಏಳ್ಕೊಡ್ತಾರಾ ಮೇಷ್ಟ್ರು?"

"ಯಾವ ಜೇನು?"

"ಎಜ್ಜೇನು ಕಣವ್ವ. ಸಂಕ್ರಾಂತಿ ಕಳ್ದು ಈ ಮರ ಊ ಬುಟ್ಟಾಗ ಬತ್ತವೆ. ಮಳೆ ಇಡ್ಕಳೋ ಗಂಟ ಇಲ್ಲೇ ಇರ್ತವೆ. ನಮ್ಮತ್ತೆ ಕಾಲ್ದಿಂದ ನೋಡಿವ್ನಿ." ಅವರು ಕುಡುಗೋಲಿನ ತುದಿಯಿಂದ ಮೇಲೆ ತೋರಿಸಿದರು. ಕೊಂಬೆಗಳ ಅಡಿಯಲ್ಲಿ ಸಾಲಾಗಿ ಕಪ್ಪು ಕಲೆಗಳು, ಹಳೆಯ ಮೇಣ ಅಂಟಿದ ಗುರುತು. ಅವುಗಳ ಫೋಟೊವನ್ನು ನಾನೇ ಹತ್ತಾರು ಸಲ ತೆಗೆದಿದ್ದೆ. ತೊಗಟೆಯ ಬಣ್ಣ ಎಂದುಕೊಂಡಿದ್ದೆ.

ಎಲ್ಲರೆದುರು ಮುಖ ಬಿಸಿಯಾಯಿತು. ಆ ಸಿಟ್ಟಿನಲ್ಲಿ, "ಗೂಡು ಕಟ್ಟಿದರೆ ಹೊಗೆ ಹಾಕಿಸಿ ಓಡಿಸಿದರಾಯಿತು" ಎಂದುಬಿಟ್ಟೆ. ಅವರ ನಗು ನಿಂತಿತು. ಪೊದೆಯ ಕಡೆ ತಿರುಗಿದರು. ಆಡಬಾರದ ಮಾತು ಆಡಿದೆ ಎಂದು ಆಗಲೇ ಗೊತ್ತಾಯಿತು. ಆದರೂ ಸುಣ್ಣದ ಗೆರೆ ಸರಿಯಿದೆಯೇ ಎಂದು ನೋಡುವವಳಂತೆ ಬಗ್ಗಿದೆ.

ಮೇಷ್ಟ್ರು ಸ್ವಲ್ಪ ಹೊತ್ತು ಕೊಂಬೆಗಳನ್ನೇ ನೋಡಿದರು. ಆಮೇಲೆ ಪುರೋಹಿತರಿಗೆ, "ಸ್ವಾಮಿ, ಎದ್ದೇಳಿ. ಇಲ್ಲಿ ಬೇಡ" ಎಂದರು.

"ಮುಹೂರ್ತ ಮೀರ್ತದಲ್ಲ ಮೇಷ್ಟ್ರೇ!"

"ಎಲ್ಲಾದ್ರೂ ಒಂದು ಅಡುಗೆಮನೆ ಬರಲೇಬೇಕಲ್ಲ, ಅದಕ್ಕೇ ಪೂಜೆ ಆಗ್ಲಿ" ಎಂದು ಕಾಯಿ, ಹೂವು, ಗುದ್ದಲಿ ಎಲ್ಲವನ್ನೂ ಹೊರಿಸಿಕೊಂಡು ಗೇಟಿನ ಹತ್ತಿರ ನಡೆದೇಬಿಟ್ಟರು. ಹೀಗೆ ನಮ್ಮ ಯೋಗಶಾಲೆಯ ಕೆಲಸ ಒಲೆಯ ಜಾಗದಿಂದ ಶುರುವಾಯಿತು.

ಮಾರನೆಯ ದಿನ ಆ ಅಕ್ಕನನ್ನು ಹುಡುಕಿಕೊಂಡು ಹೋಗಿ, ತಪ್ಪಾಗಿ ಮಾತಾಡಿದೆ ಎಂದೆ. "ಬುಡವ್ವ, ನಿಮಗೇನು ಗೊತ್ತು" ಎಂದರು. ಆ ಮಾತು ನೇರವಾಗಿ ನಾಟಿತು. ಆದರೆ ಅವರು ಅದನ್ನು ಚುಚ್ಚಲೆಂದು ಹೇಳಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದರು, ಅಷ್ಟೆ. ಆಮೇಲೆ ಇಬ್ಬರೂ ಜಮೀನು ಸುತ್ತಿದೆವು. ಜೇನಿಗೆ ರಾತ್ರಿ ಬೆಳಕು ಆಗದು, ಮರದ ಕಡೆ ದೀಪ ಹಾಕಬೇಡಿ ಎಂದರು. ಇಳಿಜಾರಿನ ಕೆಳಗೆ ಎರಡು ಬಂಡೆಗಳ ನಡುವೆ, ಹೊಂಗೆ ಮರಗಳ ಹಿಂದೆ ಒಂದು ಸಮತಟ್ಟು ಜಾಗವಿತ್ತು. "ಇಲ್ಗಾದ್ರೆ ಅವೂ ಬರಕಿಲ್ಲ, ನೀರೂ ನಿಲ್ಲಕಿಲ್ಲ" ಎಂದರು.

ಮೇಷ್ಟ್ರು ಜಾಗ ನೋಡಿ ಒಪ್ಪಿದರು. ಆದರೆ ಪೆನ್ಸಿಲ್ ಹಿಡಿಯುವ ಮುಂಚೆ ನನಗೆ ಅಲ್ಲಿ ಚಾಪೆ ಹಾಸಿ, "ಶವಾಸನ ಮಾಡಿ" ಎಂದು ಅಪ್ಪಣೆ ಮಾಡಿದರು. ಕೈಕಾಲು ಸಡಿಲ ಬಿಟ್ಟು ಮಲಗಿದೆ. ಒಂದು ಇರುವೆ ಕಿವಿಯೊಳಗೆ ಇಣುಕಿ ಹೋಯಿತು. ಕಣ್ಣು ಬಿಟ್ಟಾಗ ಮೊದಲು ಹೊಳೆದದ್ದೆಂದರೆ, ಇಲ್ಲಿಗೆ ಬರುವವರು ಗೋಡೆಗಿಂತ ಹೆಚ್ಚು ಮೇಲಿನ ಸೂರನ್ನೇ ನೋಡುತ್ತಾರೆ ಎಂಬುದು. ನನ್ನ ಗಾಜಿನ ಗೋಪುರವನ್ನು ಹೀಗೆ ಮಲಗಿ ನೋಡಿದ್ದರೆ ಬಿಸಿಲು ಕಣ್ಣಿಗೇ ಚುಚ್ಚುತ್ತಿತ್ತು.

ಹೊಸ ನಕ್ಷೆ ಒಂದೇ ವಾರದಲ್ಲಿ ಮುಗಿಯಿತು. ಬಂಡೆಗಳ ನಡುವೆ ತಗ್ಗಾದ ಉದ್ದನೆಯ ಶಾಲೆ. ಹೆಂಚಿನ ಮಾಡು, ಅದರಡಿ ಬಿದಿರಿನ ತಟ್ಟಿ. ಗೋಡೆ ಸೊಂಟದೆತ್ತರ, ಅದರ ಮೇಲೆಲ್ಲ ಗಾಳಿಗೆ ಬಿಟ್ಟ ಜಾಗ. ಪಿರಿಯಾಪಟ್ಟಣದಿಂದ ಬಂದ ಮೇಸ್ತ್ರಿಗೆ ಮಾತ್ರ ಸಮಾಧಾನವಿಲ್ಲ. "ಅರ್ಧ ಗೋಡೆ ಕಟ್ಬುಟ್ಟು ಓದ ಅಂತ ನಮ್ಮೂರಲ್ಲಿ ಆಡ್ಕತಾರೆ ಕಣಮ್ಮ" ಎಂದು ಗೊಣಗುತ್ತಲೇ ಮಣ್ಣಿನ ಇಟ್ಟಿಗೆಯನ್ನು ನೂಲು ಹಿಡಿದಂತೆ ಜೋಡಿಸಿದ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೆಂಚು ಹೊದಿಸುತ್ತಿದ್ದಾಗ ತಲೆಯ ಮೇಲೆ ಮೊರೆತ ಕೇಳಿಸಿತು. "ಬಗ್ಗಿ!" ಎಂದು ಅಕ್ಕ ಕೂಗಿದರು. ಕೆಳಗಿದ್ದವರು ನೆಲಕ್ಕೆ, ಮೇಲಿದ್ದವರು ಹೆಂಚಿಗೆ ಅಂಟಿಕೊಂಡೆವು. ಕಪ್ಪು ಮೋಡದ ತುಂಡೊಂದು ನಮ್ಮನ್ನು ದಾಟಿ, ಕೆಂಪಗೆ ಹೂವಾಗಿದ್ದ ಬೂರುಗದ ಕಡೆ ಹೋಯಿತು. ವಾರದೊಳಗೆ ಅಲ್ಲಿ ಗೂಡುಗಳು ಸಾಲಾಗಿ ತೂಗಾಡುತ್ತಿದ್ದವು. ನನ್ನ ಹಳೆಯ ನಕ್ಷೆಯ ಗೋಪುರ ಬರಬೇಕಿದ್ದದ್ದು ಸರಿಯಾಗಿ ಅವುಗಳ ಕೆಳಗೆ.

ಮೊದಲ ಶಿಬಿರದಲ್ಲಿ ಮೇಷ್ಟ್ರು ಭ್ರಾಮರಿ ಪ್ರಾಣಾಯಾಮ ಮಾಡಿಸಿದರು. ಕಿವಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುವ ಅಭ್ಯಾಸ ಅದು. ಉಸಿರು ಮುಗಿದು ಎಲ್ಲರೂ ಸುಮ್ಮನಾದರೂ ದೂರದಿಂದ ಗುಂಯ್ ಎನ್ನುವುದು ನಿಲ್ಲಲಿಲ್ಲ. ಮೈಸೂರಿನಿಂದ ಬಂದಿದ್ದ ಹೆಂಗಸೊಬ್ಬರು ಒಂದು ಕಣ್ಣು ತೆರೆದು, "ರೆಕಾರ್ಡ್ ಹಾಕಿದ್ದೀರಾ ಸರ್?" ಎಂದರು. ಮೇಷ್ಟ್ರು ನಗು ತಡೆಯಲಾಗದೆ ಶಿಬಿರಕ್ಕೆ ಐದು ನಿಮಿಷ ಬಿಡುವು ಕೊಟ್ಟರು.

ಊಟದ ಹೊತ್ತಿಗೆ ಅಕ್ಕ ಬಂದರು. ಕೈ ಹಿಡಿದು ಒಳಗೆ ಕರೆದೆ. ತಂಪು ನೆಲದ ಮೇಲೆ ಅಂಗಾತ ಮಲಗಿ ಬಿದಿರಿನ ತಟ್ಟಿಯನ್ನು ತುಂಬ ಹೊತ್ತು ನೋಡಿದರು. ಮೆಚ್ಚುತ್ತಾರೆಂದು ಕಾದೆ.

"ಎಳೇ ಬಿದ್ರು ಕಡ್ದವ್ರೆ. ಎಲ್ಡು ವರ್ಸಕ್ಕೆ ಉಳ ಬೀಳ್ತದೆ ನೋಡು."

ಈ ಸಲ ಸಿಟ್ಟು ಬರಲಿಲ್ಲ. "ಮತ್ತೆ ಯಾವಾಗ ಕಡೀಬೇಕಿತ್ತು ಅಕ್ಕಾ?" ಎಂದೆ.

"ಬಾ, ಮನಿಕೊ, ಏಳ್ಕೊಡ್ತೀನಿ" ಎಂದು ಅವರು ಪಕ್ಕಕ್ಕೆ ಸರಿದು ಜಾಗ ಮಾಡಿದರು.