ತಾಟು ತೊಳೆದು ಕಲಿತ ಹುಮ್ಮುಸ್

ಬಾಗಲವಾಡದಲ್ಲಿ ಹುಟ್ಟಿ ಮಾನ್ವಿಗೆ ಸೊಸೆಯಾಗಿ ಬಂದ ಖಾಸಿಂ ಬೀ ಬಡಿದ ಜೋಳದ ರೊಟ್ಟಿ ಹಪ್ಪಳದಷ್ಟು ತೆಳ್ಳಗಿರುತ್ತಿತ್ತು. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ರೊಟ್ಟಿಗೆ ಮೊದಲು ಅವಳಿಗೇ ಕರೆ. ಗಂಡ ಅಮೀರ್ ಸಾಬ್ ೧೯೭೭ರಲ್ಲಿ ಕುವೈತಿಗೆ ಹೋದ. ಅಲ್ಲಿನ ದೊಡ್ಡ ಹೋಟೆಲಿನಲ್ಲಿ ತಾನು ಅಡುಗೆಯ ಬಾವರ್ಚಿ ಎಂದು ಕಾಗದ ಬರೆದ. ಆ ಸುದ್ದಿಯನ್ನು ಖಾಸಿಂ ಬೀ ನಲ್ಲಿಕಟ್ಟೆಯಿಂದ ಸಂತೆಯವರೆಗೂ ಹಂಚಿದಳು.

ಆರು ವರ್ಷದ ನಂತರ ಒಂದು ಟೇಪ್ ರೆಕಾರ್ಡರ್, ಎರಡು ಕಂಬಳಿ, ಒಂದು ಬೊಜ್ಜಿನೊಂದಿಗೆ ಅಮೀರ್ ಸಾಬ್ ಮರಳಿದ. ದಿನಾ ಸಂಜೆ ಕಟ್ಟೆಯ ಮೇಲೆ ಕುಳಿತು ಅರಬರ ಹುಮ್ಮುಸ್ ಎಂಬ, ಚಟ್ನಿಯಂಥ ಕಡಲೆ ಹಿಂಡಿಯ ವರ್ಣನೆ ಶುರು. ಬೆಣ್ಣೆಯಷ್ಟು ನುಣುಪಂತೆ, ಜೊತೆಗೆ ಉಬ್ಬಿದ ದಪ್ಪ ಗೋಧಿ ರೊಟ್ಟಿಯಂತೆ. ಎದುರು ಮನೆಯ ಉರುಕುಂದಪ್ಪ ಮಾಸ್ತರರು ಹದಿನೈದು ದಿನ ಕೇಳಿದರು. ಹದಿನಾರನೆಯ ದಿನ ತಡೆಯಲಾಗಲಿಲ್ಲ.

“ಸಾಬರ, ಬರೀ ಕಿವಿಗೆ ಎಷ್ಟು ದಿನ ಉಣಿಸ್ತೀರಿ? ಬರೋ ಐತವಾರ ನಾಲಿಗಿಗೂ ಸ್ವಲ್ಪ ಹಚ್ಚರಿ.”

“ಅದಕ್ಕೇನ್ರಿ ಮಾಸ್ತರ, ಬರ್ರಿ!” ಎಂದುಬಿಟ್ಟ ಅಮೀರ್ ಸಾಬ್.

ಮರುದಿನ ಬೆಳಿಗ್ಗೆ ಹೆಂಡತಿಯ ಒಲೆಯ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕುಳಿತ.

“ಖಾಸಿಂ, ಒಂದು ಖರೇ ಮಾತು ಹೇಳಬೇಕು. ನಾ ಅಲ್ಲಿ ಅಡಗಿ ಮಾಡ್ತಿದ್ದಿಲ್ಲ. ತಾಟು ತೊಳೀತಿದ್ದೆ.”

“ಆರು ವರ್ಷಾನೂ?”

“ಮೊದಲ ವರ್ಷ ಬರೀ ಗ್ಲಾಸು.”

ಖಾಸಿಂ ಬೀ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ಮುಗಿದ ಮೇಲೆ ಸಿಟ್ಟು ಬಂತು. ಸುಳ್ಳು ಅವನದಾದರೂ ಊರಿಗೆಲ್ಲ ಹಂಚಿದವಳು ತಾನು! ಐತವಾರಕ್ಕೆ ಐದೇ ದಿನ ಉಳಿದಿತ್ತು.

“ತಾಟಿನಾಗ ಏನು ಅಂಟಿರ್ತಿತ್ತು? ಅದನ್ನಾದ್ರೂ ಹೇಳ್ರಿ.”

ಅವನು ಕಣ್ಣು ಮುಚ್ಚಿ ನೆನೆಸಿಕೊಂಡ. “ಬೆಳ್ಳಗ ಇರ್ತಿತ್ತು. ಬಳ್ಳೊಳ್ಳಿ ವಾಸನಿ. ನಿಂಬಿ ಬೀಜ ಸಿಗ್ತಿದ್ದವು. ಒಣಗಿತಂದ್ರ ಸಿಮೆಂಟು ನೋಡು. ಬಿಸಿನೀರು ಹಾಕಿದ್ರೂ ಜಿಡ್ಡು ಬಿಡ್ತಿದ್ದಿಲ್ಲ.”

“ಬರೀ ಕಡಲಿ ಅಷ್ಟು ಜಿಡ್ಡು ಆಗಂಗಿಲ್ಲ. ಎಳ್ಳು ಅರದು ಹಾಕಿರಬೇಕು,” ಎಂದಳು ಖಾಸಿಂ ಬೀ.

ಮೊದಲ ಸಲ ಮನೆಯ ಕಡಲೆಯನ್ನೇ ಬೇಯಿಸಿ ಅರೆದಳು. ಗೋಡೆಗೆ ಬಳಿಯುವ ಕೆಸರಿನ ಹಾಗಾಯಿತು. ಅಮೀರ್ ಸಾಬ್ ಬಸ್ಸು ಹಿಡಿದು ರಾಯಚೂರಿಗೆ ಹೋಗಿ ಬಿಳಿಯ ಕಾಬೂಲಿ ಕಡಲೆ ತಂದ. ಅದನ್ನು ನೆನೆಸಿ, ಮೆತ್ತಗೆ ಬೇಯಿಸಿ, ಒಂದೊಂದರ ಸಿಪ್ಪೆಯನ್ನೂ ಇಬ್ಬರೂ ಕೂಡಿ ಸುಲಿದರು. ಆದರೆ ಹುರಿಯುವಾಗ ಎಳ್ಳು ಹೊತ್ತಿ ಕಹಿಯಾಗಿ ಆ ದಿನದ ದುಡಿಮೆ ಎಮ್ಮೆಯ ಪಾಲಾಯಿತು.

ಮತ್ತೊಂದು ಸಲ ಎಳ್ಳನ್ನು ಬೆಚ್ಚಗೆ ಹುರಿದು, ಕುಸುಬೆ ಎಣ್ಣೆ ಬಿಟ್ಟು ಒರಳಲ್ಲಿ ಅರೆದಳು. ಗಂಡನ ನಾಲಿಗೆಯನ್ನು ಅವಳು ನಂಬಲಿಲ್ಲ. ಹಿಂಡಿಯನ್ನು ತಾಟಿಗೆ ಸವರಿ, ಬಿಸಿಲಿಗಿಟ್ಟು ಒಣಗಿಸಿ, ಬೂದಿ ಮತ್ತು ತೆಂಗಿನ ನಾರಿನ ಜೊತೆ ಅವನ ಮುಂದಿಟ್ಟಳು.

“ತೊಳದು ಹೇಳ್ರಿ.”

“ಇಲ್ಲ ಬೇ, ಜಿಡ್ಡು ಲಗೂನ ಬಿಡ್ತು.”

ಶನಿವಾರ ಎಳ್ಳು ಹೆಚ್ಚಿಸಿದಳು. ಅಮೀರ್ ಸಾಬ್ ತಿಕ್ಕಿದ, ಮತ್ತೆ ತಿಕ್ಕಿದ, ತಾಟು ಹಿಡಿದೇ ಜಿಗಿದೆದ್ದ. “ಇದ! ಇದ ಅಂಟು!”

ರೊಟ್ಟಿ ಅಷ್ಟು ಕಾಡಲಿಲ್ಲ. ಗೋಧಿ ಹಿಟ್ಟಿಗೆ ಮೊಸರು ಹಾಕಿ ಹುಳಿಯಲು ಬಿಟ್ಟು, ದಪ್ಪಗೆ ತಟ್ಟಿ, ಹಂಚಿನಿಂದ ಕೆಂಡಕ್ಕೆ ಎಸೆದರೆ ಕಪ್ಪೆಯಂತೆ ಉಬ್ಬುತ್ತಿತ್ತು. ಬೆರಳೆರಡು ಸುಟ್ಟವು, ಅಷ್ಟೆ.

ಐತವಾರ ಮಾಸ್ತರರು ಹೆಂಡತಿ ಸೂಗಮ್ಮನೊಂದಿಗೆ ಬಂದರು. ಮೊದಲ ತುತ್ತಿಗೇ ಅವರ ಹುಬ್ಬು ಮೇಲೇರಿತು.

“ಸಾಬರ, ನಿಮ್ಮ ಕೈಯಾಗ ಜಾದೂ ಅದ!”

ಅಮೀರ್ ಸಾಬನ ಕೈ ಮೀಸೆಯ ಕಡೆ ಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತ ಹೆಂಡತಿಯ ಸುಟ್ಟ ಬೆರಳು ಕಣ್ಣಿಗೆ ಬಿದ್ದವು.

“ಮಾಸ್ತರ, ಕೈ ನಂದಲ್ಲ. ಇದೆಲ್ಲ ಇಕಿ ಮಾಡಿದ್ದು. ನಾ ಅಲ್ಲಿ ತಾಟು ತೊಳೀತಿದ್ದೆ.”

ಸೂಗಮ್ಮ ಖಾಸಿಂ ಬೀ ಕಡೆ ತಿರುಗಿದಳು.

“ತಾಟು ತೊಳಿಯೋ ಗಂಡ ಸಿಗೋದು ಸಣ್ಣ ಮಾತೇನ ಯವ್ವಾ? ನಮ್ಮ ಮಾಸ್ತರಿಗೆ ಉಂಡ ತಾಟು ಎತ್ತಿಡೋದೂ ಗೊತ್ತಿಲ್ಲ!”

ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರೇ.

ಅಮೀರ್ ಸಾಬ್ ಮತ್ತೆ ಕುವೈತಿಗೆ ಹೋಗದೆ ಬಜಾರಿನಲ್ಲಿ ಬಳೆ ಅಂಗಡಿ ಇಟ್ಟ. ಖಾಸಿಂ ಬೀಯ ಹಿಂಡಿ ಸಿರವಾರ ದಾಟಿ ದೇವದುರ್ಗದವರೆಗೂ ಹೆಸರು ಮಾಡಿತು. ೧೯೮೭ರಲ್ಲಿ ಅಲ್ಲಿನ ಒಂದು ಮದುವೆಗೆ ಕರೆ ಬಂದಾಗ ಅವಳು ಹಸಿಮೆಣಸಿನಕಾಯಿ ಅರೆದು ಹಾಕಿ, ಜೋಳದ ರೊಟ್ಟಿಯ ಜೊತೆ ಬಡಿಸಿದಳು. ಮದುಮಗಳ ಅಜ್ಜ ಗುಡುಸಾಬ ಕಣ್ಣೊರೆಸಿಕೊಳ್ಳುತ್ತ ಕೇಳಿದ:

“ಅರಬರು ಇಷ್ಟು ಖಾರ ತಿಂತಾರೇನವ್ವಾ?”

“ಅವರು ಉಣ್ಣಾಕ ಬಂದಾಗ ನೋಡೋಣು, ನೀವು ಇನ್ನೊಂದು ರೊಟ್ಟಿ ಹಾಕ್ಕೋರಿ,” ಎಂದಳು ಖಾಸಿಂ ಬೀ.